ಹಲ್ಲು ಮೊದಲಿನ ಹಾಗೆ ಕೂಡುತ್ತವೆಯೇ?

ದಂತವೈದ್ಯಕೀಯ ಕಾಲೇಜಿಗೆ ಸೇರಿದ ಮೊದಲನೆಯ ವರ್ಷ ನಮ್ಮ ಕೈಗೆ ಬಂದದ್ದು ಒಂದು ಮೇಣದ ಗಟ್ಟಿ ಮತ್ತು ಒಂದು ಪುಟ್ಟ ಕೆತ್ತನೆಯ ಚೂರಿ. ಆ ಗಟ್ಟಿಯಿಂದ ಕೋರೆಹಲ್ಲು, ದವಡೆಹಲ್ಲು, ಬಾಚಿಹಲ್ಲುಗಳನ್ನು ಅವುಗಳ ಉಬ್ಬುತಗ್ಗು, ಬೇರಿನ ಬಾಗು ಸಮೇತ ಕೆತ್ತಿ ತೆಗೆಯಬೇಕಿತ್ತು. ಅರ್ಧ ಮಿಲಿಮೀಟರು ಹೆಚ್ಚು ಹೆರೆದರೂ ಮೇಡಂ ಅದನ್ನು ಬೆರಳುಗಳ ನಡುವೆ ತಿರುಗಿಸಿ ನೋಡಿ, ಏನೂ ಹೇಳದೆ ಹೊಸ ಗಟ್ಟಿಯೊಂದನ್ನು ಮುಂದಿಡುತ್ತಿದ್ದರು. ಉಗುರಿನ ಸಂದಿಯಲ್ಲಿ ಮೇಣ ಸಿಕ್ಕಿಕೊಂಡು ಹಾಸ್ಟೆಲಿನ ಊಟದ ತಟ್ಟೆಗೂ ಅದರ ವಾಸನೆ ಹತ್ತಿಕೊಳ್ಳುತ್ತಿದ್ದ ಆ ದಿನಗಳಲ್ಲಿ, ಡಾಕ್ಟರಾಗಲು ಬಂದವಳು ಗುಡಿಗಾರರ ಮನೆಯ ಆಳಾದೆನಲ್ಲ ಎಂದು ನನಗೆ ನಾಚಿಕೆಯೇ ಆಗುತ್ತಿತ್ತು. ಸುಮಾರು ಹತ್ತು ವರ್ಷಗಳ ನಂತರ, ಮೂರು ತುಂಡಾದ ಕೆಳದವಡೆಯೊಂದರ ಎದುರು ನಡುರಾತ್ರಿಯಲ್ಲಿ ನಿಂತು ಯಾವ ತುಂಡು ಎಲ್ಲಿಗೆ ಸೇರಬೇಕೆಂದು ಹುಡುಕುತ್ತಿದ್ದಾಗ ನನಗೆ ದಾರಿ ತೋರಿಸಿದ್ದು ಎಕ್ಸ್‌ರೇಗಿಂತ ಹೆಚ್ಚಾಗಿ ಆ ಮೇಣದ ಪಾಠವೇ. ಮೂವತ್ತು ವರ್ಷ ರೊಟ್ಟಿ ಅಗಿದ ಹಲ್ಲಿನ ಮೇಲೆ ಅದರ ಎದುರುಹಲ್ಲಿನ ಗುರುತು ಸವೆತವಾಗಿ ಉಳಿದಿರುತ್ತದೆ. ಮೇಲಿನ ಸವೆತಕ್ಕೆ ಕೆಳಗಿನ ಸವೆತ ಸರಿಯಾಗಿ ಕೂತಿತೆಂದರೆ ಅವುಗಳನ್ನು ಹೊತ್ತ ಮೂಳೆಯೂ ತನ್ನ ಜಾಗಕ್ಕೆ ಬಂದಿದೆ ಎಂದೇ ಅರ್ಥ.

ನನ್ನ ವೃತ್ತಿಗೆ ಬಾಯಿ, ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸೆ ಎಂಬ ಉದ್ದನೆಯ ಹೆಸರಿದೆ. ಊರಿನವರ ಬಾಯಲ್ಲಿ ನಾನು 'ದವಡೆ ಆಪರೇಷನ್ ಡಾಕ್ಟ್ರು'. ಅಪಘಾತವಾಗಿ ಬಂದವರ ಮುಖವನ್ನು ಒತ್ತಿ ನೋಡುವ ಮೊದಲೇ ನಾವು ಕೇಳುವ ಒಂದು ಪ್ರಶ್ನೆಯಿದೆ: 'ಹಲ್ಲು ಮೊದಲಿನ ಹಾಗೆ ಕೂಡುತ್ತವೆಯೇ?' ತಲೆಕೂದಲಿನಷ್ಟು ವ್ಯತ್ಯಾಸವಾದರೂ ಮನುಷ್ಯನ ಬಾಯಿಗೆ ಅದು ಗೊತ್ತಾಗುತ್ತದೆ. ಊಟದಲ್ಲಿ ಒಂದು ಸಣ್ಣ ಕಲ್ಲು ಸಿಕ್ಕರೆ ಹೇಗೆ ಗೊತ್ತಾಗುವುದೋ ಹಾಗೆ. 'ಒಂದು ಕಡೆ ಮಾತ್ರ ತಾಗ್ತದೆ' ಎಂದು ರೋಗಿ ಹೇಳಿದರೆ, ಸ್ಕ್ಯಾನಿನ ವರದಿ ಏನೇ ಹೇಳಲಿ, ನಾನು ಬಿರುಕನ್ನು ಹುಡುಕಲು ಶುರು ಮಾಡುತ್ತೇನೆ.

ಮೊದಲ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದಾಗ ಭಾನುವಾರದ ರಾತ್ರಿಗಳೆಂದರೆ ಬೈಕುಗಳ ರಾತ್ರಿಗಳು. ಹಿಂಬದಿ ಸವಾರರೂ ಹೆಲ್ಮೆಟ್ ಧರಿಸಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿ 2016ರ ಜನವರಿಯಲ್ಲಿ ಜಾರಿಗೆ ಬಂತು. ಅದಾದ ಮೇಲೂ ಜನ ಹೆಚ್ಚಾಗಿ ಹಾಕುವುದು ನೆತ್ತಿಯನ್ನು ಮಾತ್ರ ಮುಚ್ಚುವ ಅರ್ಧ ಹೆಲ್ಮೆಟ್ಟನ್ನೇ. ಅದು ಪೊಲೀಸರ ದಂಡದಿಂದ ಕಾಪಾಡಬಹುದು, ಗದ್ದವನ್ನಂತೂ ಕಾಪಾಡುವುದಿಲ್ಲ. ಹಾಗೆ ಬಂದವನೊಬ್ಬ, ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ, ಸ್ಟ್ರೆಚರಿನ ಮೇಲೆ ಮಲಗಲೊಲ್ಲದೆ ಎದ್ದೆದ್ದು ಕೂರುತ್ತಿದ್ದ. ಕುಡಿದು ಗಲಾಟೆ ಮಾಡುತ್ತಿದ್ದಾನೆಂದು ವಾರ್ಡ್‌ಬಾಯ್ ಅವನನ್ನು ಒತ್ತಿ ಮಲಗಿಸಲು ಹೋದಾಗ ನನ್ನ ಸೀನಿಯರ್ ಓಡಿಬಂದು ಕೈ ತಪ್ಪಿಸಿದರು. ಗದ್ದದ ಎರಡೂ ಬದಿಗಳಲ್ಲಿ ದವಡೆ ಮುರಿದರೆ ನಾಲಿಗೆಯನ್ನು ಮುಂದಕ್ಕೆ ಹಿಡಿದಿಡುವ ಸ್ನಾಯುಗಳಿಗೆ ಆಧಾರ ತಪ್ಪುತ್ತದೆ. ಅಂಗಾತ ಮಲಗಿದ ಕ್ಷಣವೇ ನಾಲಿಗೆ ಹಿಂದಕ್ಕೆ ಕುಸಿದು ಉಸಿರುದಾರಿಯನ್ನು ಮುಚ್ಚುತ್ತದೆ. ಕುಳಿತೇ ಇರಬೇಕೆಂದು ಆ ಹುಡುಗನ ದೇಹಕ್ಕೆ ಗೊತ್ತಿತ್ತು, ಪುಸ್ತಕ ಓದಿದ್ದ ನನಗೆ ಹೊಳೆದಿರಲಿಲ್ಲ.

ಅವನ ಆಪರೇಷನ್ನಿನಲ್ಲಿ ನನ್ನ ಪಾಲಿಗೆ ಬಂದ ಕೆಲಸ ತಂತಿ ಕಟ್ಟುವುದು. ಮೇಲಿನ ಮತ್ತು ಕೆಳಗಿನ ಹಲ್ಲುಸಾಲುಗಳಿಗೆ ಕೊಕ್ಕೆಗಳಿರುವ ತೆಳುವಾದ ಲೋಹದ ಪಟ್ಟಿಯನ್ನು ಕೂರಿಸಿ, ಒಂದೊಂದು ಹಲ್ಲಿನ ಕೊರಳಿಗೂ ಸ್ಟೀಲು ತಂತಿ ಸುತ್ತಿ ಹುರಿಗೊಳಿಸಿ, ಕಡೆಗೆ ಎರಡೂ ಸಾಲುಗಳನ್ನು ಕಚ್ಚಿದ ಸ್ಥಿತಿಯಲ್ಲೇ ಒಂದಕ್ಕೊಂದು ಬಿಗಿಯಬೇಕು. ಬಾಯಿಯೊಳಗೆ ಅರಿವಳಿಕೆಯ ಕೊಳವೆಯಿದ್ದರೆ ಹಲ್ಲು ಕೂಡುವುದಿಲ್ಲವಾದ್ದರಿಂದ ಅರಿವಳಿಕೆ ತಜ್ಞರು ಅದನ್ನು ಮೂಗಿನ ಮೂಲಕ ಇಳಿಸುತ್ತಾರೆ. ತಲೆಬುರುಡೆಯ ತಳವೂ ಮೂಗೂ ಒಟ್ಟಿಗೆ ಒಡೆದಿದ್ದರೆ ಮೂಗಿನ ದಾರಿಯೂ ಇಲ್ಲ. ಆಗ ಗದ್ದದ ಅಡಿಯಲ್ಲಿ ಸಣ್ಣ ಗಾಯ ಮಾಡಿ ಕೊಳವೆಯನ್ನು ಅಲ್ಲಿಂದ ಹೊರಗೆಳೆಯುವ ಒಂದು ಉಪಾಯವಿದೆ. ಅದನ್ನು 1986ರಲ್ಲಿ ಸ್ಪೇನಿನ ಹೆರ್ನಾಂಡೆಸ್ ಆಲ್ಟೆಮೀರ್ ವಿವರಿಸಿದರು. ಹಲ್ಲು ಕೂಡಬೇಕೆಂಬ ಒಂದೇ ಕಾರಣಕ್ಕೆ ಉಸಿರಿನ ದಾರಿಯನ್ನೇ ಬದಲಿಸುವ ವೃತ್ತಿ ಇದು.

ನನ್ನ ಗುರುಗಳ ಗುರುಗಳ ಕಾಲದಲ್ಲಿ ಚಿಕಿತ್ಸೆ ಬಹುಮಟ್ಟಿಗೆ ಈ ತಂತಿಯಲ್ಲೇ ಮುಗಿಯುತ್ತಿತ್ತು. ಆರು ವಾರ ಬಾಯಿ ಬಂದ್. ಹಲ್ಲಿನ ಸಂದಿಯಿಂದ ಹೀರಿದ ಗಂಜಿ, ರಾಗಿ ಅಂಬಲಿಗಳೇ ಊಟ. ವಾಂತಿಯಾದರೆ ಕ್ಷಣದಲ್ಲಿ ಕತ್ತರಿಸಲೆಂದು ಹಾಸಿಗೆಯ ತಲೆಕಡೆಗೆ ಒಂದು ತಂತಿ ಕತ್ತರಿಸುವ ಇಕ್ಕಳ. ಈ ಸೆರೆವಾಸವನ್ನು ತಪ್ಪಿಸಿದವರಲ್ಲಿ ಮುಖ್ಯರು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಮ್ಯಾಕ್ಸಿಮ್ ಶಾಂಪಿ. ಅಗಿಯುವಾಗ ಕೆಳದವಡೆಯ ಮೇಲಂಚು ಬಿರಿಯಲು ನೋಡುತ್ತದೆ, ಕೆಳಅಂಚು ತಾನಾಗಿಯೇ ಅದುಮಿಕೊಳ್ಳುತ್ತದೆ. ಆದ್ದರಿಂದ ದಪ್ಪ ಪಟ್ಟಿಗಳು ಬೇಕಿಲ್ಲ, ಬಿರಿಯುವ ಗೆರೆಯ ಮೇಲೆ ಸಣ್ಣದೊಂದು ಪಟ್ಟಿಯನ್ನು ಸ್ಕ್ರೂ ಹಾಕಿ ಕೂರಿಸಿದರೆ ಸಾಕು ಎಂದು ಅವರೂ ಅವರ ಸಂಗಡಿಗರೂ 1970ರ ದಶಕದಲ್ಲಿ ತೋರಿಸಿಕೊಟ್ಟರು. ಗದ್ದದ ಮುಂಭಾಗದಲ್ಲಿ ಮಾತ್ರ ಮೂಳೆ ತಿರುಚಿಕೊಳ್ಳುವುದರಿಂದ ಅಲ್ಲಿ ಎರಡು ಪಟ್ಟಿ ಬೇಕು. ಬಾಯಿಯ ಒಳಗಿನಿಂದಲೇ ಹಾಕಬಹುದಾದ ಈ ಟೈಟಾನಿಯಂ ಪಟ್ಟಿಯಿಂದಾಗಿ ಇಂದು ಎಷ್ಟೋ ಜನ ಮುಖದ ಮೇಲೆ ಗಾಯದ ಗುರುತಿಲ್ಲದೆ, ಕೆಲವೇ ದಿನಗಳಲ್ಲಿ ಮೆತ್ತಗಿನ ಅನ್ನ ಉಣ್ಣುತ್ತಾ ಮನೆಗೆ ಹೋಗುತ್ತಾರೆ. ಆದರೂ ಪಟ್ಟಿಯನ್ನು ಬಿಗಿಯುವ ಮುನ್ನ ಹಲ್ಲುಗಳನ್ನು ಕೂಡಿಸಿ ಕಟ್ಟಲೇಬೇಕು. ಆ ಮೆಟ್ಟಿಲನ್ನು ಹಾರಿದವರ ಪಟ್ಟಿಗಳು ಎಕ್ಸ್‌ರೇಯಲ್ಲಿ ಚೆನ್ನಾಗಿಯೇ ಕಾಣುತ್ತವೆ, ರೋಗಿಗೆ ಮಾತ್ರ ಚಪಾತಿ ಹರಿಯಲಾಗುವುದಿಲ್ಲ.

ಮುಖ ಮುರಿಯುವುದರಲ್ಲೂ ಒಂದು ಕ್ರಮವಿದೆ ಎಂದು ಕಂಡುಕೊಂಡವನು ರೆನೆ ಲಫೋರ್. ಫ್ರಾನ್ಸಿನ ಲೀಲ್ ನಗರದಲ್ಲಿ 35 ಶವಗಳ ತಲೆಗಳ ಮೇಲೆ ಬೇರೆಬೇರೆ ದಿಕ್ಕಿನಿಂದ ಪೆಟ್ಟು ಹಾಕಿ, ಆಮೇಲೆ ಚರ್ಮ ಬಿಡಿಸಿ ನೋಡಿ, ನಡುಮುಖ ಮೂರು ಮುಖ್ಯ ಗೆರೆಗಳಲ್ಲಿ ಬಿಟ್ಟುಕೊಳ್ಳುತ್ತದೆಂದು ಆತ 1901ರಲ್ಲಿ ಬರೆದ. ಓದುವಾಗ ಕ್ರೂರವೆನಿಸಿದ್ದ ಆ ಪ್ರಯೋಗದ ಬೆಲೆ ನನಗೆ ತಿಳಿದದ್ದು, ಒಬ್ಬರ ಮೇಲಿನ ಬಾಚಿಹಲ್ಲುಗಳನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದಾಗ ಇಡೀ ಅಂಗುಳವೇ ಸಡಿಲವಾದ ಮುಚ್ಚಳದಂತೆ ಕೈಗೆ ಬಂದ ದಿನ. ಅದೇ ಗೆರೆಯಲ್ಲಿ ಇವತ್ತು ನಾವೇ ಬೇಕೆಂದು ಮೂಳೆಯನ್ನು ಕತ್ತರಿಸಿ, ಹಿಂದೆ ಸರಿದ ಮೇಲ್ದವಡೆಯನ್ನು ಮುಂದಕ್ಕೆ ತರುತ್ತೇವೆ. ಕೆಳದವಡೆಯನ್ನು ಒಳಗಿನಿಂದ ಪದರದಂತೆ ಸೀಳಿ ಜಾರಿಸುವ ವಿಧಾನವನ್ನು ರೂಢಿಗೆ ತಂದವರು 1950ರ ದಶಕದ ಹ್ಯೂಗೊ ಓಬ್ವೇಗೆಸರ್. ಇದನ್ನು ಮೊದಲು ಪ್ಲಾಸ್ಟರಿನ ಅಚ್ಚಿನ ಮೇಲೆ ಗರಗಸ ಹಾಕಿ ಅಭ್ಯಾಸ ಮಾಡುತ್ತಿದ್ದೆವು, ಈಗ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಪ್ಲಾಸ್ಟರಿನ ಧೂಳು ಕುಡಿದವಳಾದ ನನಗೆ ಹೊಸಬರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಹಲ್ಲಿನವರ ಕೈಗೆ ಮುಖದ ಶಸ್ತ್ರಚಿಕಿತ್ಸೆ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಮೊದಲ ಮಹಾಯುದ್ಧದ ಕಂದಕಗಳಲ್ಲಿದೆ. ಕಂದಕದಲ್ಲಿ ಮೈ ಅಡಗುತ್ತದೆ, ಇಣುಕಿದ ತಲೆ ಸಿಕ್ಕಿಬೀಳುತ್ತದೆ. ದವಡೆ ಹಾರಿಹೋದ ಸೈನಿಕರ ಗಾಯವನ್ನು ಎಳೆದು ಹೊಲಿದರೆ ಚರ್ಮ ಒಳಕ್ಕೆ ಮುದುಡಿಕೊಳ್ಳುತ್ತಿತ್ತು. ಒಳಗೆ ಹಲ್ಲು ಮತ್ತು ಮೂಳೆಯ ಆಧಾರವನ್ನು ಮೊದಲು ಕಟ್ಟಬೇಕೆಂದು ಬಲ್ಲವರು ದಂತವೈದ್ಯರು. ಫ್ರಾನ್ಸಿನ ಬೂಲೋನ್ ಬಳಿ ಚಾರ್ಲ್ಸ್ ವಲಾದಿಯೇ ಎಂಬ ದಂತವೈದ್ಯ ಮಾಡುತ್ತಿದ್ದ ಈ ಕೆಲಸವನ್ನು ಕಂಡೇ ಕಿವಿ ಮೂಗು ಗಂಟಲಿನ ತಜ್ಞ ಹೆರಾಲ್ಡ್ ಗಿಲೀಸ್ ಈ ದಾರಿಗೆ ಬಂದದ್ದು. 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಮುಖದ ಗಾಯಗಳಿಗೆಂದೇ ತೆರೆದ ಆಸ್ಪತ್ರೆಯಲ್ಲಿ ಆತನ ಕೆಲಸ ಹೆಸರಾಯಿತು. ನನಗೆ ಹೆಚ್ಚು ಹತ್ತಿರದವನೆನಿಸುವುದು ಮಾತ್ರ ಮೂರನೆಯವನು, ವರಾಜ್ತಾದ್ ಕಜಂಜಿಯಾನ್. ಒಟ್ಟೋಮನ್ ಆಳ್ವಿಕೆಯ ಅರ್ಮೇನಿಯನ್ ಕುಟುಂಬದಲ್ಲಿ ಹುಟ್ಟಿ, ಹದಿಹರೆಯದಲ್ಲಿ ಅಮೆರಿಕಕ್ಕೆ ಹೋಗಿ, ವೂಸ್ಟರ್ ಎಂಬ ಊರಿನ ತಂತಿ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಹಾರ್ವರ್ಡಿನಲ್ಲಿ ದಂತವೈದ್ಯಕೀಯ ಓದಿದವನು. 1915ರಲ್ಲಿ ಫ್ರಾನ್ಸಿಗೆ ಹೋದಾಗ ದವಡೆಗಳನ್ನು ತಂತಿಯಿಂದ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಯುದ್ಧ ಮುಗಿದು ಹಿಂದಿರುಗಿದ ಮೇಲೆ, ಅಷ್ಟು ಹೆಸರು ಮಾಡಿದ್ದವನು, ನಲವತ್ತರ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತು 1921ರಲ್ಲಿ ವೈದ್ಯಕೀಯ ಪದವಿ ಪಡೆದ.

ಆ ಎರಡನೆಯ ಪದವಿಯ ಪ್ರಶ್ನೆ ಇನ್ನೂ ಮುಗಿದಿಲ್ಲ. ಬ್ರಿಟನ್ನಿನಲ್ಲಿ, ಜರ್ಮನಿಯಲ್ಲಿ ಈ ವಿಭಾಗದ ತಜ್ಞರಾಗಲು ವೈದ್ಯಕೀಯ, ದಂತವೈದ್ಯಕೀಯ ಎರಡೂ ಪದವಿಗಳು ಬೇಕು. ಅಮೆರಿಕದಲ್ಲಿ ನಾಲ್ಕು ವರ್ಷದ ತರಬೇತಿಯೂ ಇದೆ, ವೈದ್ಯಕೀಯ ಪದವಿಯನ್ನು ಒಳಗೊಂಡ ಆರು ವರ್ಷದ್ದೂ ಇದೆ. ನಮ್ಮಲ್ಲಿ ಬಿಡಿಎಸ್ ಎಂಬ ಐದು ವರ್ಷದ ದಂತವೈದ್ಯ ಪದವಿ, ಪ್ರವೇಶ ಪರೀಕ್ಷೆ, ಎಂಡಿಎಸ್ ಎಂಬ ಮೂರು ವರ್ಷದ ಸ್ನಾತಕೋತ್ತರ ಪದವಿ: ಇಷ್ಟೇ. ಮೂರು ವರ್ಷದಲ್ಲಿ ಮೊದಲನೆಯದು ಹೆಚ್ಚುಕಡಿಮೆ ಹಲ್ಲು ಕೀಳುವುದರಲ್ಲಿ, ಹೊಲಿಗೆ ಹಾಕುವುದರಲ್ಲಿ, ಸೀನಿಯರ್‌ಗಳಿಗೆ ಚಹಾ ತರಿಸುವುದರಲ್ಲಿ ಹೋಗುತ್ತದೆ. ಎರಡನೆಯದು ಅಡ್ಡ ಬೆಳೆದ ಬುದ್ಧಿಹಲ್ಲುಗಳಲ್ಲಿ. ಮೂರನೆಯದರಲ್ಲಿ ಕೈ ಕುದುರುವ ಹೊತ್ತಿಗೆ ಥೀಸಿಸ್ಸು ಮತ್ತು ಪರೀಕ್ಷೆ. ನಡುವೆ ಮೆಡಿಸಿನ್, ಸರ್ಜರಿ, ಅರಿವಳಿಕೆ ವಿಭಾಗಗಳಲ್ಲಿ ಪೋಸ್ಟಿಂಗ್ ಇರುತ್ತದೆ. ಅಲ್ಲಿ ನಾವು ನೆಂಟರ ಹಾಗೆ ಹೋಗಿ ನೆಂಟರ ಹಾಗೆಯೇ ಬರುತ್ತೇವೆ. ಅಡುಗೆಮನೆಯೊಳಕ್ಕೆ ಯಾರೂ ಕರೆಯುವುದಿಲ್ಲ.

ಎರಡು ಪದವಿಯ ಮಾತು ಬರೀ ಪ್ರತಿಷ್ಠೆಯದೆಂದು ನಾನೂ ಬಹಳ ದಿನ ವಾದಿಸಿದ್ದೇನೆ. ವಾದ ಬಿಟ್ಟದ್ದು ಒಂದು ರಾತ್ರಿಯ ನಂತರ. ಕೆಳಗಿನ ದವಡೆಹಲ್ಲಿನ ಸೋಂಕಿನಿಂದ ಗದ್ದದ ಅಡಿಯೆಲ್ಲ ಹಲಗೆಯಂತೆ ಗಟ್ಟಿಯಾಗಿ ಊದಿಕೊಂಡು, ನಾಲಿಗೆ ಮೇಲಕ್ಕೆ ತಳ್ಳಲ್ಪಟ್ಟು, ಜೊಲ್ಲು ನುಂಗಲಾರದೆ ಒಬ್ಬ ಹಿರಿಯರು ಬಂದಿದ್ದರು. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವರ್ಣಿಸಿದ, ಅವನ ಹೆಸರನ್ನೇ ಹೊತ್ತಿರುವ ಕಾಯಿಲೆ ಅದು. ರೋಗವನ್ನು ಗುರುತಿಸಿದೆನೆಂಬ ಹೆಮ್ಮೆಯಲ್ಲಿ ನಾನು ಯಾವ ಹಲ್ಲು, ಎಲ್ಲಿ ಕೊಯ್ದರೆ ಕೀವು ಬಂದೀತು ಎಂದು ಲೆಕ್ಕ ಹಾಕುತ್ತ ಸ್ಕ್ಯಾನಿಗೆ ಬರೆದುಕೊಟ್ಟೆ. ದಾರಿಯಲ್ಲಿ ಎದುರಾದ ಅರಿವಳಿಕೆಯ ಮೇಡಂ ರೋಗಿಯ ಮುಖ ನೋಡಿದವರೇ ಸ್ಟ್ರೆಚರನ್ನು ಓ.ಟಿ. ಕಡೆ ತಿರುಗಿಸಿದರು. 'ಸ್ಕ್ಯಾನ್ ರೂಮಿನಲ್ಲಿ ಇವರನ್ನ ಅಂಗಾತ ಮಲಗಿಸ್ತೀಯೇನಮ್ಮಾ?' ಎಂದಷ್ಟೇ ಕೇಳಿದರು. ಮೊದಲ ವರ್ಷದಲ್ಲಿ ಎದ್ದೆದ್ದು ಕೂರುತ್ತಿದ್ದ ಆ ಹುಡುಗನ ಪಾಠವನ್ನು ನಾನು ದವಡೆ ಮುರಿದವರ ಅಧ್ಯಾಯದಲ್ಲಿಟ್ಟು ಮುಚ್ಚಿಬಿಟ್ಟಿದ್ದೆ. ಆ ಹಿರಿಯರು ಬದುಕಿದರು. ಎಲ್ಲರಿಗೂ ಎರಡನೆಯ ಪದವಿ ಬೇಕೆಂದು ಇವತ್ತಿಗೂ ನಾನು ಹೇಳುವುದಿಲ್ಲ. ನಮ್ಮ ದೇಶದಲ್ಲಿ ಹಾಗೆ ಮಾಡಿದರೆ ಹಣವಂತರ ಮಕ್ಕಳು ಮಾತ್ರ ಉಳಿದಾರು. ಆದರೆ ಅರಿವಳಿಕೆ ಮತ್ತು ಐಸಿಯುಗಳಲ್ಲಿ ನೆಂಟರಾಗಿ ಅಲ್ಲದೆ ಮನೆಯಾಳಾಗಿ ಆರು ತಿಂಗಳಾದರೂ ದುಡಿಯದವರಿಗೆ ಪದವಿ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಮುರಿದ ದವಡೆ ಮಾತಾಡುತ್ತದೆಂಬುದನ್ನು ಯಾವ ಪೋಸ್ಟಿಂಗೂ ಕಲಿಸಲಿಲ್ಲ. ಮಲೆನಾಡಿನಲ್ಲಿ ಕೊನೆಗಾರರು ಅಡಿಕೆ ಮರದಿಂದ ಬೀಳುತ್ತಾರೆ, ಬಯಲುಸೀಮೆಯಲ್ಲಿ ಎತ್ತು ಹಾಯುತ್ತದೆ, ದರೋಜಿ ಕಡೆಯ ಕುರುಚಲು ಗುಡ್ಡಗಳಲ್ಲಿ ಕರಡಿ ನೇರ ಮುಖಕ್ಕೇ ಬೀಳುತ್ತದೆ. ಒಂದೊಂದಕ್ಕೂ ಅದರದೇ ಗುರುತು. 'ಬಚ್ಚಲಲ್ಲಿ ಜಾರಿ ಬಿದ್ದೆ' ಎನ್ನುವ ಹೆಂಗಸರದ್ದು ಬೇರೆ. ಜಾರಿ ಮುಂದಕ್ಕೆ ಬಿದ್ದರೆ ನೆಲಕ್ಕೆ ತಾಗುವುದು ಗದ್ದ. ಬಿರುಕು ಸಾಮಾನ್ಯವಾಗಿ ಗದ್ದದ ಹತ್ತಿರ, ಇಲ್ಲವೇ ಕಿವಿಯ ಮುಂದಿನ ಕೀಲಿನಲ್ಲಿ. ಎಡದವಡೆಯ ಮೂಲೆಯೊಂದೇ ಮುರಿದಿದ್ದರೆ ನನ್ನ ಕಣ್ಣು ಪಕ್ಕದಲ್ಲಿ ನಿಂತ ಗಂಡನ ಬಲಗೈ ಗೆಣ್ಣುಗಳ ಮೇಲೆ ಹೋಗುತ್ತದೆ. ಆಗ ಗಂಡನನ್ನು ಔಷಧಿ ತರಲು ಕಳಿಸಿ ಮತ್ತೊಮ್ಮೆ ಕೇಳುತ್ತೇನೆ. ಕೆಲವರು ಹೇಳುತ್ತಾರೆ, ಹೆಚ್ಚಿನವರು ಹೇಳುವುದಿಲ್ಲ. ಮೂಳೆ ಅಥವಾ ಹಲ್ಲು ಮುರಿದರೆ, ಜಾಗ ತಪ್ಪಿದರೆ ಅದನ್ನು ತೀವ್ರ ಗಾಯವೆಂದು ಹಳೆಯ ದಂಡಸಂಹಿತೆಯ 320ನೆಯ ಕಲಮು ಎಣಿಸುತ್ತಿತ್ತು, ಈಗಿನ ನ್ಯಾಯಸಂಹಿತೆಯ 116ನೆಯದೂ ಎಣಿಸುತ್ತದೆ. ಒಂದು ಹಲ್ಲಿಗೆ ಕಾನೂನು ಕೊಟ್ಟಿರುವ ಬೆಲೆಯನ್ನು ಆ ಹೆಂಗಸರ ಮನೆಯವರು ಕೊಟ್ಟಿರುವುದಿಲ್ಲ.

ಹಲ್ಲು ಕೂಡುವುದರಷ್ಟೇ ಮುಖ್ಯವಾದದ್ದು ಬಾಯಿ ತೆರೆಯುವುದು. ಚಿಕ್ಕಂದಿನಲ್ಲಿ ಗದ್ದ ಊರಿ ಬಿದ್ದ ಮಗುವಿಗೆ ಅಂದು ಗದ್ದದ ಗಾಯಕ್ಕೆ ಮಾತ್ರ ಹೊಲಿಗೆ ಹಾಕಿ ಕಳಿಸಿರುತ್ತಾರೆ. ಕಿವಿಯ ಮುಂದಿನ ಕೀಲು ಒಳಗೇ ಜಜ್ಜಿ, ರಕ್ತ ಮೂಳೆಯಾಗಿ, ಒಂದೆರಡು ವರ್ಷದಲ್ಲಿ ದವಡೆ ತಲೆಬುರುಡೆಗೆ ಬೆಸೆದುಕೊಳ್ಳುತ್ತದೆ. ಕೀಲು ಆಡದಿದ್ದರೆ ದವಡೆ ಬೆಳೆಯುವುದಿಲ್ಲ, ಗದ್ದ ಹಿಂದೆಯೇ ಉಳಿಯುತ್ತದೆ, ಮಗು ಗೊರಕೆ ಹೊಡೆದು ಬೆಚ್ಚಿಬೆಚ್ಚಿ ಏಳುತ್ತದೆ. ಉತ್ತರ ಕರ್ನಾಟಕದ ಹಳ್ಳಿಯೊಂದರಿಂದ ಬಂದ ಏಳು ವರ್ಷದ ಹುಡುಗಿ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಹಲ್ಲಿನ ಸಂದಿಯಿಂದ ಬೆರಳಲ್ಲಿ ಒತ್ತಿ ಒಳಗೆ ಕಳಿಸುತ್ತಿದ್ದಳು. ಬೆಸೆದ ಮೂಳೆಯನ್ನು ಕತ್ತರಿಸಿ, ಪಕ್ಕೆಲುಬಿನ ತುಂಡೊಂದನ್ನು ಅದರ ಮೆದುಮೂಳೆಯ ತುದಿಯ ಸಮೇತ ತಂದು ಹೊಸ ಕೀಲು ಕೂರಿಸಿದೆವು. ನಮ್ಮ ಕೆಲಸ ಒಂದೇ ದಿನದ್ದು. ಮುಂದಿನ ಒಂದು ವರ್ಷದ್ದು ಅವಳ ತಾಯಿಯದು. ಐಸ್‌ಕ್ಯಾಂಡಿ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ, ಅಳುವ ಮಗುವಿನ ಹಲ್ಲುಗಳ ನಡುವೆ ತೂರಿಸಿ, ದಿನಕ್ಕೆ ಹಲವು ಸಲ ಬಾಯಿ ಬಿಡಿಸಬೇಕು; ಬಿಟ್ಟರೆ ಮೂಳೆ ಮತ್ತೆ ಬೆಸೆಯುತ್ತದೆ. 'ಈ ವಾರ ಎರಡು ಕಡ್ಡಿ ಜಾಸ್ತಿ ಹೋದ್ವು ನೋಡ್ರಿ ಮೇಡಮ್ಮಾರ' ಎಂದು ಆಕೆ ಸೆರಗಿನ ಗಂಟು ಬಿಚ್ಚಿ, ಹಲ್ಲಿನ ಗುರುತು ಬಿದ್ದ ಕಡ್ಡಿಗಳನ್ನು ನನ್ನ ಮೇಜಿನ ಮೇಲೆ ಎಣಿಸಿಡುತ್ತಿದ್ದಳು.

2021ರ ಬೇಸಿಗೆಯ ಬಗ್ಗೆ ಹೆಚ್ಚು ಬರೆಯಲಾರೆ. ಕೋವಿಡ್ಡಿನಿಂದ ಬದುಕಿ ಬಂದವರ, ಅದರಲ್ಲೂ ಸಕ್ಕರೆ ಕಾಯಿಲೆಯಿದ್ದು ಸ್ಟೀರಾಯ್ಡ್ ಪಡೆದವರ ಮೇಲ್ದವಡೆಗೆ ಕಪ್ಪು ಶಿಲೀಂಧ್ರ ಹತ್ತಿತ್ತು. ಆಂಫೊಟೆರಿಸಿನ್ ಎಂಬ ಔಷಧಿಗಾಗಿ ಮನೆಯವರು ಊರೂರು ಅಲೆಯುತ್ತಿದ್ದಾಗ, ಸತ್ತ ಮೂಳೆಯನ್ನು ತೆಗೆದುಹಾಕುವುದೊಂದೇ ನಮ್ಮ ಕೈಲಿದ್ದ ಕೆಲಸ. ಹಲ್ಲು ಕೂಡಿಸಲು ಕಲಿತವರು ದಿನಕ್ಕೊಂದರಂತೆ ಹಲ್ಲುಸಾಲು ಸಮೇತ ದವಡೆಗಳನ್ನು ತೆಗೆದು ಟ್ರೇಯಲ್ಲಿಟ್ಟೆವು. ಅಂಗುಳವಿಲ್ಲದವರು ಕುಡಿದ ನೀರು ಮೂಗಿನಿಂದ ಬರುತ್ತದೆ, ಮಾತು ಬರೀ ಗಾಳಿಯಾಗುತ್ತದೆ. ತಿಂಗಳುಗಳ ನಂತರ ಕೃತಕ ಅಂಗುಳವನ್ನು ಕೂರಿಸಿದಾಗ ಒಬ್ಬ ನಿವೃತ್ತ ಮೇಷ್ಟ್ರು ಮೊದಲು ಮಾಡಿದ್ದು ಕ ಖ ಗ ಘ ಎಂದು ವರ್ಣಮಾಲೆ ಒಪ್ಪಿಸಿದ್ದು.

ಇನ್ನು ನನ್ನ ಮನೆಯ ವಿಷಯ. ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. ನನ್ನ ಮೇಣದ ಗಟ್ಟಿಗೂ ಚೂರಿಗೂ ಎಂಡಿಎಸ್ ಫೀಸಿಗೂ ಹಣ ಬಂದದ್ದು ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆಯಿಂದಲೇ. ನನ್ನ ಹೊರರೋಗಿಗಳಲ್ಲಿ ಬಾಯಿ ತೆರೆಯಲಾಗದೆ ಬರುವ ಹುಡುಗರು ಅಗಿದದ್ದೂ ಅದನ್ನೇ. ಕೆನ್ನೆಯ ಒಳಪದರ ನಾರುಗಟ್ಟಿ, ಬಿಳಿಚಿ, ಚರ್ಮದ ಪಟ್ಟಿಯಂತಾಗುವ ಈ ಕಾಯಿಲೆಯನ್ನು 1952ರಲ್ಲಿ ಷ್ವಾರ್ಟ್ಸ್ ಎಂಬವರು ಮೊದಲು ವರ್ಣಿಸಿದ್ದು ಪೂರ್ವ ಆಫ್ರಿಕದಲ್ಲಿದ್ದ ಭಾರತೀಯ ಹೆಂಗಸರಲ್ಲಿ. ಅಡಿಕೆಯೇ, ತಂಬಾಕು ಸೇರದಿದ್ದರೂ, ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಇದನ್ನು ಊರಿನ ಸಹಕಾರಿ ಸಂಘದ ಜಗುಲಿಯಲ್ಲಿ ಹೇಳುವಷ್ಟು ಧೈರ್ಯ ನನಗೆ ಬಂದಿಲ್ಲ. 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆಯದೊಂದು ಚೀಟಿ, ತಂಬಾಕಿನದೊಂದು ಚೀಟಿ ಅಕ್ಕಪಕ್ಕದಲ್ಲಿ ತೂಗುತ್ತವೆ. ಹುಡುಗರು ಅಂಗೈಯಲ್ಲೇ ಬೆರೆಸಿಕೊಳ್ಳುತ್ತಾರೆ. ಇಪ್ಪತ್ತರ ಹುಡುಗನ ಬಾಯಿಗೆ ಒಂದು ಬೆರಳೂ ಹೋಗದಿದ್ದಾಗ ನಾರನ್ನು ಕತ್ತರಿಸಿ, ಕೆನ್ನೆಯೊಳಗಿನ ಕೊಬ್ಬನ್ನು ಎಳೆದು ಮುಚ್ಚಿ, ಅದೇ ಐಸ್‌ಕ್ಯಾಂಡಿ ಕಡ್ಡಿಗಳನ್ನು ಕೈಗೆ ಕೊಟ್ಟು ಕಳಿಸುತ್ತೇನೆ. ಅವನ ಜೊತೆಗೆ ಸೆರಗಿನಲ್ಲಿ ಕಡ್ಡಿ ಗಂಟು ಹಾಕಿಕೊಂಡು ಬರುವವರು ಯಾರೂ ಇರುವುದಿಲ್ಲ.

ಊರಿಗೆ ಹೋದಾಗಲೆಲ್ಲ ಊಟದ ನಂತರ ಮೊಬೈಲಿನ ಟಾರ್ಚ್ ಹಿಡಿದು ಅಪ್ಪಯ್ಯನ ಮುಂದೆ ಕೂರುತ್ತೇನೆ. 'ಕವಳ ಹಾಕಿ ಆಗ್ಲಿ ಕೂಸೇ' ಎಂದು ಎಲೆಯಡಿಕೆಗೆ ಅವಸರಿಸುತ್ತಾರೆ. ಮೊದಲೇ ನೋಡಬೇಕೆಂದು ಹಟ ಹಿಡಿಯುತ್ತೇನೆ. ಕೆನ್ನೆಯ ಒಳಗನ್ನು, ನಾಲಿಗೆಯ ಅಂಚನ್ನು, ಒಸಡಿನ ಬುಡವನ್ನು ನೋಡಿ, ಮೂರು ಬೆರಳನ್ನು ನಿಲ್ಲಿಸಿ ಬಾಯಿಯ ಅಳತೆ ತೆಗೆಯುತ್ತೇನೆ. ಮೂರೂ ಹೋಗುತ್ತವೆ. 'ಹಲ್ಲು ಕೂಡಿಸಿ' ಎಂದಾಗ ಅವರು ಕಚ್ಚಿ ತೋರಿಸಿ, ನಾನು ಟಾರ್ಚ್ ಆರಿಸುವಷ್ಟರಲ್ಲಿ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದಿರುತ್ತಾರೆ.